ಮನೆಯಲ್ಲಿ ಒಂದು ಮುದಿ ಜೀವ ಸಾಲದೇ?

ಮನೆಯಿಲ್ಲದ ನಾಯಿಗಳ ಶೆಲ್ಟರಿನ ಹುಡುಗಿ ಅವನ ಹೆಸರು ಹೇಳಲೇ ಇಲ್ಲ. ಕೊನೆಯ ಸಾಲಿನ ಬೋನಿನ ಮುಂದೆ ನಿಂತು, "ಇವನು ನಮ್ಮ ಅಜ್ಜ" ಅಂದಳು. ಅಷ್ಟೇ ಪರಿಚಯ. ಒಳಗೆ ಮಲಗಿದ್ದವನು ತಲೆ ಎತ್ತಿ ಒಮ್ಮೆ ನೋಡಿದ, ಬಾಲವನ್ನು ನೆಲಕ್ಕೆ ಎರಡು ಸಲ ಬಡಿದ, ಮತ್ತೆ ಗದ್ದ ಊರಿ ಮಲಗಿದ. ಬಂದವರನ್ನು ಕೂತಲ್ಲಿಂದಲೇ ಮಾತಾಡಿಸಿ ಪೇಪರಿನೊಳಗೆ ಮರಳಿ ಮುಖ ಹುದುಗಿಸುವ ಹಿರಿಯರ ಹಾಗೆ.

ನಾನು ಹೋಗಿದ್ದು ಮರಿ ನೋಡಲು. ಮರಿಗಳ ಜಾಗ ಬಾಗಿಲ ಬಳಿಯೇ ಇತ್ತು, ಜನವೂ ಅಲ್ಲೇ ಇದ್ದರು. ಮರಿಗಳು ಒಂದರ ಮೇಲೊಂದು ಬಿದ್ದು, ಬೂಟಿನ ಲೇಸು ಕಚ್ಚಿ ಎಳೆದು, ಯಾರ ಶಿಫಾರಸೂ ಬೇಕಿಲ್ಲದೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದವು. ವಯಸ್ಸಾದ ನಾಯಿಗಳಿಗೆ ಆ ವ್ಯಾಪಾರ ಬರುವುದಿಲ್ಲ. ಕೆಲವು ಗೋಡೆಗೆ ಮುಖ ಮಾಡಿ ಮಲಗಿರುತ್ತವೆ. ಕೆಲವು ಹೆದರಿ ಬೊಗಳುತ್ತವೆ, ನೋಡಲು ಬಂದವರು "ಇದು ಜೋರು" ಅಂದುಕೊಂಡು ಮುಂದೆ ಹೋಗುತ್ತಾರೆ. ಈ ಅಜ್ಜ ಎರಡೂ ಮಾಡಲಿಲ್ಲ. ನಾನು ಮುಂದೆ ಹೋಗಿ, ಯಾಕೋ ಹಿಂದೆ ಬಂದೆ.

"ಎಷ್ಟು ದಿನದಿಂದ ಇದ್ದಾನೆ?"

"ಏಳು ತಿಂಗಳಾಯ್ತು ಅಕ್ಕಾ. ಯಾರೂ ಕೇಳಿಲ್ಲ." ಸ್ವಲ್ಪ ಸುಮ್ಮನಿದ್ದು ಸೇರಿಸಿದಳು, "ಎರಡು ರಾತ್ರಿ ಕರ್ಕೊಂಡು ಹೋಗ್ತೀರಾ? ಈ ಗಲಾಟೆಯಲ್ಲಿ ನಿದ್ದೆನೇ ಮಾಡಲ್ಲ ಅವನು. ಮಲಗಿ ಎದ್ದು ಬರಲಿ."

ದತ್ತು ಅಲ್ಲ, ಎರಡು ರಾತ್ರಿ. ನೆಂಟರ ಮನೆಗೆ ಕಳಿಸಿದ ಹಾಗೆ. ಈ ಉಪಾಯದ ಹಿಂದೆ ಲೆಕ್ಕಾಚಾರವೂ ಇದೆ ಅಂತ ನನಗೆ ಆಮೇಲೆ ಗೊತ್ತಾಯಿತು. 2019ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಐದು ಶೆಲ್ಟರುಗಳ 207 ನಾಯಿಗಳನ್ನು ಹೀಗೇ ಒಂದೆರಡು ರಾತ್ರಿಗೆ ಮನೆಗಳಿಗೆ ಕಳಿಸಿ, ಅವುಗಳ ಮೂತ್ರದಲ್ಲಿ ಕಾರ್ಟಿಸೋಲ್ ಅಳೆದಿದ್ದರು. ಅದು ದೇಹ ಒತ್ತಡದಲ್ಲಿದ್ದಾಗ ಏರುವ ಹಾರ್ಮೋನು. ಮನೆಯಲ್ಲಿದ್ದ ದಿನಗಳಲ್ಲಿ ಅದು ಇಳಿದಿತ್ತು, ನಾಯಿಗಳು ಹೆಚ್ಚು ಹೊತ್ತು ಎಡೆಬಿಡದೆ ವಿಶ್ರಾಂತಿ ಪಡೆದಿದ್ದವು. ವಾಪಸ್ ಶೆಲ್ಟರಿಗೆ ಹೋದ ಮೇಲೆ ಮತ್ತೆ ಹಳೆಯ ಮಟ್ಟಕ್ಕೇ ಬಂದಿತ್ತು. ಓದಿದಾಗ ಆ ಕೊನೆಯ ಸಾಲಿನಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ಅಷ್ಟರಲ್ಲಿ ಅಜ್ಜ ಬಂದು ಒಂದು ವರ್ಷವಾಗಿತ್ತು, ಅದು ಬೇರೆ ಮಾತು.

ಹೊರಡುವಾಗ ಅವನ ಕಾಗದ ಕೊಟ್ಟರು. ಒಂದೇ ಹಾಳೆ. ಬಣ್ಣ ಕಂದು. ಗಂಡು, ಸಂತಾನಹರಣ ಆಗಿದೆ. ವಯಸ್ಸು ಸುಮಾರು 9. ತೂಕ 28 ಕಿಲೋ. ಹಿನ್ನೆಲೆ ಅನ್ನುವ ಕಡೆ ಯಾರೋ ಅವಸರದಲ್ಲಿ ಎರಡೇ ಪದ ಗೀಚಿದ್ದರು: "ಸಾಕಿದವರು ಇಲ್ಲ."

ಇದನ್ನು ಹೇಗೆ ಓದುವುದು? ನಮ್ಮ ಭಾಷೆಯಲ್ಲಿ "ಇಲ್ಲ" ಅನ್ನುವುದು ಎಂಥ ಪದ ನೋಡಿ. ಅಪ್ಪ ಇಲ್ಲ ಅಂದರೆ ಈಗ ಮನೆಯಲ್ಲಿಲ್ಲ, ಆಮೇಲೆ ಬನ್ನಿ ಅಂತಲೂ ಆಗುತ್ತದೆ, ತೀರಿಕೊಂಡರು ಅಂತಲೂ ಆಗುತ್ತದೆ. ಸಾಕಿದವರೇ ಯಾರೂ ಇಲ್ಲದ ಬೀದಿನಾಯಿಯೋ, ಸಾಕಿದವರು ಬಿಟ್ಟುಹೋದರೋ, ಸಾಕಿದವರು ಸತ್ತರೋ? ಹುಡುಗಿಯನ್ನು ಕೇಳಿದೆ. ಅವಳು ಕೆಲಸಕ್ಕೆ ಸೇರಿದ್ದೇ ಐದು ತಿಂಗಳ ಹಿಂದೆ. ಬರೆದವರು ಕೆಲಸ ಬಿಟ್ಟಿದ್ದರು. ನಾನು ನನಗೆ ಸುಲಭವಾದ ಅರ್ಥವನ್ನು ಇಟ್ಟುಕೊಂಡೆ: ಯಾವನೋ ಕಟುಕ ಇಷ್ಟು ವರ್ಷ ಸಾಕಿ, ಮುದಿಯಾದಾಗ ಕೈಬಿಟ್ಟಿದ್ದಾನೆ. ದಾರಿಯುದ್ದಕ್ಕೂ ಆ ಕಾಣದ ಮನುಷ್ಯನಿಗೆ ಮನಸ್ಸಿನಲ್ಲೇ ಬೈಯುತ್ತಾ ಬಂದೆ.

ಬಾಗಿಲು ತೆರೆದ ಅಮ್ಮ ನನ್ನನ್ನು ನೋಡಿದಳು, ನಾಯಿಯನ್ನು ನೋಡಿದಳು, ಅದರ ಬೆಳ್ಳಗಾದ ಮೂತಿ ನೋಡಿದಳು.

"ಮನೆಯಲ್ಲಿ ಒಂದು ಮುದಿ ಜೀವ ಸಾಲದೇನೆ?"

ಎರಡೇ ರಾತ್ರಿ ಅಮ್ಮಾ ಅಂದೆ. ಅಮ್ಮನಿಗೆ ಆಗ 74. ಮಂಡಿ ಸವೆದಿತ್ತು, ಒಂದು ಕಣ್ಣಿನ ಪೊರೆ ತೆಗೆಸಿ ಇನ್ನೊಂದು ಬಾಕಿ ಇತ್ತು. ತಾನೊಂದು ಹೊರೆ ಅಂತ ನೇರವಾಗಿ ಯಾವತ್ತೂ ಹೇಳದೆ, ಇಂಥ ಮಾತಿನಲ್ಲಿ ಅಡ್ಡಡ್ಡ ಹೇಳುವ ಅಭ್ಯಾಸ ಶುರುವಾಗಿತ್ತು. ನನಗೆ ಕೇಳಿಸಿತು. ಕೇಳಿಸದವಳ ಹಾಗೆ ಒಳಗೆ ಹೋದೆ.

ಅಜ್ಜ ಮಾತ್ರ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಕೂತು ನನ್ನ ಮುಖ ನೋಡಿದ. ಎಳೆದರೂ ಬರಲಿಲ್ಲ. "ಬಾರೋ" ಅಂದ ಮೇಲೆ ಎದ್ದು, ತೂಕವಾಗಿ ಹೆಜ್ಜೆ ಇಟ್ಟು ಒಳಗೆ ಬಂದ. ಅದನ್ನು ಕಲಿಸುವುದು ಒಂದು ದಿನದ ಕೆಲಸವಲ್ಲ. ಯಾರೋ ಅವನ ಜೊತೆ ಕೂತು, ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸಿದ್ದರು. ನನ್ನ ಕಟುಕನ ಕತೆಗೆ ಮೊದಲ ಬಿರುಕು ಅಲ್ಲೇ ಬಿದ್ದಿತ್ತು, ನಾನು ಗಮನಿಸಲಿಲ್ಲ.

ಮೊದಲ ರಾತ್ರಿ ಬಾಗಿಲ ಹಿಂದಿನ ಸಂದಿಯಲ್ಲಿ ಮಲಗಿದ. ಊಟ ಮುಟ್ಟಲಿಲ್ಲ. ನಾಯಿ ತರುವವರಿಗೆ ಶೆಲ್ಟರಿನವರು ಹೇಳುವ ಮೂರರ ಲೆಕ್ಕವೊಂದಿದೆ. ಗಾಬರಿ ಇಳಿಯಲು ಮೂರು ದಿನ, ಮನೆಯ ರೀತಿ ನೀತಿ ಹಿಡಿತಕ್ಕೆ ಬರಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಶಾಸನವೇನಲ್ಲ, ಅಂದಾಜು. ಆದರೆ ಬಂದ ಮೊದಲ ದಿನವೇ ನೆಂಟರನ್ನೆಲ್ಲ ಕರೆದು ತೋರಿಸುವುದು, ಸ್ನಾನ ಮಾಡಿಸುವುದು, ತಬ್ಬಿಕೊಂಡು ಫೋಟೋ ತೆಗೆಯುವುದು, ಇವುಗಳಿಂದ ನಮ್ಮನ್ನು ತಡೆಯುವ ಮಟ್ಟಿಗೆ ಅದು ಒಳ್ಳೆಯ ಲೆಕ್ಕ. ನಾಯಿ ಮೂಲೆಯಲ್ಲಿ ಮಲಗಿದ್ದರೆ ಮಲಗಲಿ. ನೀರು, ಊಟ ಎಟುಕುವಲ್ಲಿ ಇಟ್ಟು ನಮ್ಮ ಪಾಡಿಗೆ ನಾವಿರುವುದೇ ಉಪಚಾರ.

ಎರಡನೆಯ ದಿನ ಸಂಜೆ ಅಮ್ಮ ತನ್ನ ವಾಕಿಂಗಿಗೆ ಎದ್ದಳು. ವಾಕಿಂಗ್ ಅಂದರೆ ಹಾಲಿನ ಈ ತುದಿಯಿಂದ ಹೊರಗಿನ ಗೇಟಿನವರೆಗೆ, ಮತ್ತೆ ವಾಪಸ್. ಗೋಡೆಗೆ ಒರಗಿಸಿದ್ದ ಕೋಲು ತೆಗೆದು ನೆಲಕ್ಕೆ ಊರಿದಳು. ಟಕ್.

ಬಾಗಿಲ ಸಂದಿಯಿಂದ ಅಜ್ಜ ಎದ್ದ. ಎರಡು ದಿನದಿಂದ ಅಲುಗದವನು ಮೈ ಕೊಡವಿ, ನೇರ ಅಮ್ಮನ ಎಡಗಡೆಗೆ ಹೋಗಿ ನಿಂತ. ಅಮ್ಮ ಬೆಚ್ಚಿ, "ಹಿಡ್ಕೊಳ್ಳೆ ಇದನ್ನ, ಕಾಲಿಗೆ ಸಿಕ್ಕಿ ಬೀಳ್ತೀನಿ" ಅಂದಳು. ನಾನು ಓಡಿ ಬರುವಷ್ಟರಲ್ಲಿ ಅವಳು ಒಂದು ಹೆಜ್ಜೆ ಇಟ್ಟಿದ್ದಳು. ಅಜ್ಜನೂ ಒಂದು ಹೆಜ್ಜೆ ಇಟ್ಟ. ಅಮ್ಮ ನಿಂತಳು, ಅವನೂ ನಿಂತ. ಕೋಲು ಅಮ್ಮನ ಬಲಗೈಯಲ್ಲಿತ್ತು, ಅವನು ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ. ಮುಂದೆ ನುಗ್ಗಲಿಲ್ಲ, ಅಡ್ಡ ಬರಲಿಲ್ಲ. ಹೊರಗಿನ ಮೂರು ಮೆಟ್ಟಿಲುಗಳಲ್ಲಿ ಅಮ್ಮ ಒಂದೊಂದಕ್ಕೂ ಎರಡು ಕಾಲು ಜೋಡಿಸಿ ಇಳಿಯುತ್ತಾಳೆ. ಅವನೂ ಒಂದೊಂದಕ್ಕೂ ನಿಂತ, ಕೋಲು ಕೆಳಗಿನ ಮೆಟ್ಟಿಲಿಗೆ ತಾಗಿದ ಮೇಲೇ ಇಳಿದ.

ಗೇಟು ಮುಟ್ಟಿ ಬಂದು ಅಮ್ಮ ಕುರ್ಚಿಯಲ್ಲಿ ಕೂತಳು. ಅವನು ಅವಳ ಕಾಲ ಬಳಿ ಮಲಗಿದ. ತುಂಬಾ ಹೊತ್ತು ಅಮ್ಮ ಮಾತಾಡಲಿಲ್ಲ. ಆಮೇಲೆ, "ಇವನು ಕೋಲು ಹಿಡಿದವರ ಜೊತೆ ಇದ್ದವನು ಕಣೆ" ಅಂದಳು.

ಮೂರನೆಯ ದಿನ ಶೆಲ್ಟರಿನಿಂದ ಫೋನ್ ಬಂತು, ಯಾವಾಗ ಕರೆತರುತ್ತೀರಿ ಅಂತ. ನಾನು ಸ್ನಾನಕ್ಕೆ ಹೋಗಿದ್ದೆ. ಅಮ್ಮ ಎತ್ತಿಕೊಂಡು, "ಅಜ್ಜ ಇನ್ನೂ ಮಲಗಿದ್ದಾನೆ, ಆಮೇಲೆ ಮಾಡಿ" ಅಂತ ಇಟ್ಟುಬಿಟ್ಟಳಂತೆ. ಆ ಆಮೇಲೆಗೆ ಈಗ ಎರಡೂವರೆ ವರ್ಷ.

ಹೆಸರು ಬದಲಿಸೋಣ ಅಂದುಕೊಂಡಿದ್ದೆವು, ಆಗಲಿಲ್ಲ. ಒಮ್ಮೆ ಬೆಳಗ್ಗೆ ಅಂಗಳದಲ್ಲಿ "ಅಜ್ಜಾ, ಅಲ್ಲೆಲ್ಲ ಉಚ್ಚೆ ಹೊಯ್ಯಬೇಡ್ವೋ!" ಅಂತ ಕೂಗಿದಾಗ ಪಕ್ಕದ ಮನೆಯ ಮಹಡಿಯಿಂದ ನಿಜವಾದ ಅಜ್ಜರೊಬ್ಬರು ಇಣುಕಿದರು. ಅಂದಿನಿಂದ ಸ್ವಲ್ಪ ಮೆಲ್ಲಗೆ ಕರೆಯುತ್ತೇವೆ.

ವಯಸ್ಸಿನ ವಿಷಯಕ್ಕೆ ಬರುತ್ತೇನೆ. ಕಾಗದದಲ್ಲಿ 9 ಅಂತಿತ್ತು. ಡಾಕ್ಟರು ತುಟಿ ಎತ್ತಿ ಹಲ್ಲು ನೋಡಿ, "ಹತ್ತಿರಬಹುದು, ಹನ್ನೆರಡಿದ್ದರೂ ಆಶ್ಚರ್ಯ ಇಲ್ಲ" ಅಂದರು. ನಾಯಿಗೆ 42 ಶಾಶ್ವತ ಹಲ್ಲುಗಳೂ ಏಳು ತಿಂಗಳೊಳಗೆ ಬಂದುಬಿಡುತ್ತವೆ. ಅಲ್ಲಿಯವರೆಗೆ ಹಲ್ಲು ನೋಡಿ ವಯಸ್ಸನ್ನು ಸಾಕಷ್ಟು ಖಚಿತವಾಗಿ ಹೇಳಬಹುದು. ಆಮೇಲೆ ಸವೆತ, ಕಟ್ಟಿದ ಗಾರೆ, ಕಣ್ಣಿನ ಮಬ್ಬು, ಎಲ್ಲ ಸೇರಿಸಿ ಊಹೆ. ಬಿಳಿ ಮೂತಿಯನ್ನೂ ಪೂರ್ತಿ ನಂಬುವ ಹಾಗಿಲ್ಲ. 2016ರ ಒಂದು ಅಧ್ಯಯನದಲ್ಲಿ ಒಂದರಿಂದ ನಾಲ್ಕು ವರ್ಷದೊಳಗಿನ 400 ನಾಯಿಗಳನ್ನು ನೋಡಿದಾಗ, ಆತಂಕದ ಸ್ವಭಾವದವುಗಳಿಗೆ ಎಳೆ ವಯಸ್ಸಿನಲ್ಲೇ ಮೂತಿ ನರೆಯುವುದು ಹೆಚ್ಚು ಕಂಡಿತ್ತು. ಅಂದರೆ ಶೆಲ್ಟರಿನ ಕೊನೆಯ ಸಾಲಿನಲ್ಲಿ ಮುದುಕ ಅನ್ನಿಸಿಕೊಂಡು ಕೂತಿರುವ ಯಾವನೋ ಒಬ್ಬ ಬರೀ ಚಿಂತೆಯ ಮನುಷ್ಯನೂ ಇರಬಹುದು.

ನಾಯಿಯ ವಯಸ್ಸನ್ನು ಏಳರಿಂದ ಗುಣಿಸಿದರೆ ಮನುಷ್ಯರ ವಯಸ್ಸು ಅನ್ನುವ ಹಳೆಯ ಲೆಕ್ಕ ಸರಿಯಲ್ಲ. ನಾಯಿ ಮೊದಲ ವರ್ಷದಲ್ಲೇ ದಡಬಡ ಬೆಳೆದು ಆಮೇಲೆ ನಿಧಾನವಾಗಿ ಮಾಗುತ್ತದೆ. 2020ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಲ್ಯಾಬ್ರಡಾರ್ ನಾಯಿಗಳ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು ಮನುಷ್ಯರ ಗುರುತುಗಳೊಂದಿಗೆ ಹೋಲಿಸಿ ಒಂದು ಸೂತ್ರ ಕೊಟ್ಟರು: ವಯಸ್ಸಿನ ನೈಸರ್ಗಿಕ ಲಾಗರಿದಂ (ಕ್ಯಾಲ್ಕುಲೇಟರಿನ ln ಗುಂಡಿ) ಅನ್ನು 16ರಿಂದ ಗುಣಿಸಿ 31 ಕೂಡಿಸಬೇಕು. ಹತ್ತು ವರ್ಷದ ನಾಯಿಗೆ ಲೆಕ್ಕ ಹಾಕಿದರೆ 68ರ ಹತ್ತಿರ. ಇದು ಒಂದೇ ತಳಿಯ ಲೆಕ್ಕ. ಗ್ರೇಟ್ ಡೇನ್‌ನಂಥ ದೈತ್ಯ ಆರೇಳಕ್ಕೇ ಮುದುಕನಾದರೆ, ಪುಟ್ಟ ತಳಿಗಳು ಹತ್ತರಲ್ಲೂ ಗಟ್ಟಿಯಾಗಿರುತ್ತವೆ. ಅದಕ್ಕೇ ಪಶುವೈದ್ಯರು ವರ್ಷದ ಗೆರೆ ಎಳೆಯದೆ, ಆ ಗಾತ್ರ ತಳಿಯ ನಾಯಿ ಎಷ್ಟು ಬದುಕೀತೋ ಅದರ ಕೊನೆಯ ಕಾಲು ಭಾಗವನ್ನು ಮುಪ್ಪು ಅನ್ನುತ್ತಾರೆ. ಅಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಹಿಡಿದುಕೊಂಡದ್ದು ಒಂದೇ: "68 ಅಂದ್ರೆ ನನಗಿಂತ ಆರು ವರ್ಷ ಚಿಕ್ಕವನು."

ಮೊದಲ ತಿಂಗಳ ದೊಡ್ಡ ಖರ್ಚು ಹಲ್ಲಿಗೆ ಆಯಿತು. ಬಾಯಿ ವಾಸನೆಗೆ ವಯಸ್ಸು ಕಾರಣ ಅಂತ ನಾನು ಅಂದುಕೊಂಡಿದ್ದೆ. ಒಸಡು ಕೊಳೆತಿತ್ತು. ಈ ವಯಸ್ಸಿನಲ್ಲಿ ಅರಿವಳಿಕೆ ಕೊಟ್ಟು ಹಲ್ಲು ಕೀಳಿಸುವುದು ಬೇಡ, ಏನಾದರೂ ಆದರೆ ಅಂತ ಹಿಂಜರಿದೆ. ಡಾಕ್ಟರು, "ನೋಡಿ, ವಯಸ್ಸು ರೋಗ ಅಲ್ಲ. ರಕ್ತ ಪರೀಕ್ಷೆ ಮಾಡೋಣ, ಹೃದಯ ಕೇಳೋಣ, ಕಿಡ್ನಿ ಲಿವರ್ ಸರಿ ಇದ್ದರೆ ಮಾಡೋಣ. ನೋವು ತಿನ್ಕೊಂಡು ಇರೋದು ಅವನಿಗೆ ಅಭ್ಯಾಸ ಆಗಿದೆ, ನಿಮಗೆ ಕಾಣಿಸ್ತಿಲ್ಲ ಅಷ್ಟೇ" ಅಂದರು. ಏಳು ಹಲ್ಲು ತೆಗೆದರು. ಹತ್ತು ದಿನ ಕಳೆದು ನಾನು ಹಾಲಿಗೆ ಬಂದರೆ, ಅಮ್ಮನ ಹಳೆಯ ಚಪ್ಪಲಿಯೊಂದನ್ನು ಬಾಯಲ್ಲಿ ಹಿಡಿದು ಗಾಳಿಗೆ ಎಸೆದು ಎಸೆದು ಆಡುತ್ತಿದ್ದ. ಆಟ ಬಿಟ್ಟ ಮುದುಕ ಅಂದುಕೊಂಡಿದ್ದವನು ಬರೀ ಹಲ್ಲುನೋವಿನವನಾಗಿದ್ದ.

ಕಣ್ಣಿನ ನೀಲಿ ಮಬ್ಬು ನೋಡಿ ಅಮ್ಮ ತನ್ನ ಅನುಭವದಿಂದ "ಪೊರೆ" ಅಂದಳು. ಅಲ್ಲ. ಮಸೂರ ವಯಸ್ಸಾದಂತೆ ಗಡುಸಾಗಿ ನೀಲಿಯಾಗಿ ಕಾಣುವುದು ಬೇರೆ, ಅದರಿಂದ ದೃಷ್ಟಿಗೆ ದೊಡ್ಡ ತೊಂದರೆಯಿಲ್ಲ. ಪೊರೆ ಬಿಳಿಯಾಗಿ ದಪ್ಪಗಿರುತ್ತದೆ.

ಕೀಲು ಮಾತ್ರ ಅಮ್ಮನದೇ ಕತೆ. ನಾಯಿ ಕೀಲುನೋವಿಗೆ ಕುಂಯ್ ಅನ್ನುವುದಿಲ್ಲ. ಒಂದೇ ಮಣಿಕಟ್ಟನ್ನು ನೆಕ್ಕುತ್ತಾ ಕೂರುತ್ತದೆ, ಮಲಗುವ ಮುಂಚೆ ನಾಲ್ಕು ಸುತ್ತು ಹೆಚ್ಚು ಸುತ್ತುತ್ತದೆ, ಏಳುವಾಗ ಮುಂಗಾಲು ಮೊದಲು ಎತ್ತಿ ಹಿಂಗಾಲನ್ನು ಆಮೇಲೆ ಎಳೆದುಕೊಳ್ಳುತ್ತದೆ. ಒಂದು ದಿನ ಅಮ್ಮ ಅಂಗೈಯಲ್ಲಿ ತನ್ನ ಮಂಡಿನೋವಿನ ಮಾತ್ರೆ ಹಿಡಿದು ಅವನ ಬಾಯಿ ತೆರೆಸುತ್ತಿದ್ದುದನ್ನು ಸಮಯಕ್ಕೆ ಸರಿಯಾಗಿ ನೋಡಿದೆ. ಕೈ ನಡುಗಿಹೋಯಿತು ನನಗೆ. ಇದನ್ನು ಓದುವವರು ಬೇರೇನು ಮರೆತರೂ ಇದನ್ನು ನೆನಪಿಟ್ಟುಕೊಳ್ಳಿ: ನಮ್ಮ ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಯಾರಸಿಟಮಾಲ್ ಲಿವರಿಗೂ ರಕ್ತಕ್ಕೂ ಹೊಡೆತ. ನಾಯಿಗೆಂದೇ ಇರುವ ನೋವಿನ ಔಷಧಿಗಳಿವೆ, ಅದನ್ನು ಡಾಕ್ಟರು ತೂಕ ನೋಡಿ, ರಕ್ತ ನೋಡಿ ಕೊಡಬೇಕು. ಈಚೆಗೆ ತಿಂಗಳಿಗೊಂದು ಚುಚ್ಚುಮದ್ದೂ ಬಂದಿದೆ. ಯೂರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಅಡ್ಡಪರಿಣಾಮಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2024ರ ಕೊನೆಗೆ ಪಶುವೈದ್ಯರನ್ನು ಎಚ್ಚರಿಸಿದ್ದೂ ಉಂಟು. ನಮ್ಮವನು ಸದ್ಯ ಮಾತ್ರೆಯಲ್ಲೇ ಇದ್ದಾನೆ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ.

ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದ್ದು ತೂಕ ಇಳಿಸಿದ್ದು. ದಪ್ಪಗಿರುವ, ಕೀಲು ಸವೆದ ನಾಯಿಗಳಲ್ಲಿ ನೂರಕ್ಕೆ 6ರಷ್ಟು ತೂಕ ಇಳಿದರೂ ಕುಂಟು ಕಡಿಮೆಯಾಗುವುದು 2010ರ ಒಂದು ಅಧ್ಯಯನದಲ್ಲಿ ಕಂಡಿದೆ. 28 ಕಿಲೋ ನಾಯಿಗೆ ಅದು ಎರಡು ಕಿಲೋ ಕೂಡ ಅಲ್ಲ. ಆದರೆ ಆ ಎರಡು ಕಿಲೋ ಇಳಿಸುವಷ್ಟರಲ್ಲಿ ಮನೆಯಲ್ಲಿ ಯುದ್ಧವೇ ನಡೆಯಿತು. ಅಮ್ಮ ಮೇಜಿನ ಕೆಳಗಿಂದ ಕೊಡುವ ತುತ್ತುಗಳಿಗೆ ಯಾವ ಲೆಕ್ಕವೂ ಇರಲಿಲ್ಲ. ಇನ್ನು ನುಣುಪು ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿ, ಉಗುರು ಕತ್ತರಿಸುತ್ತಾ ಬಂದ ಮೇಲೆ ಅವನು ಜಾರುವುದು ನಿಂತಿತು. ಅಮ್ಮ ಜಾರುವುದೂ ನಿಂತಿತು. ಐದು ವರ್ಷದಿಂದ ಮ್ಯಾಟ್ ಹಾಕಿಸೋಣ ಅಂತಿದ್ದೆ, ಅವಳು ಬೇಡ ಅಂತಿದ್ದಳು. ತನಗಾಗಿ ಬೇಡದ್ದು ನಾಯಿಗಾಗಿ ನಡೆಯಿತು.

ಇಷ್ಟೆಲ್ಲ ಹೇಳುತ್ತಿರುವುದು ಹೆದರಿಸಲಿಕ್ಕಲ್ಲ. ಮರಿಯಾದರೂ ಮೊದಲ ವರ್ಷ ಲಸಿಕೆ, ಆಪರೇಷನ್ನು, ಕಚ್ಚಿ ಹಾಳು ಮಾಡಿದ ಸಾಮಾನು ಅಂತ ಕಡಿಮೆಯೇನೂ ಕೀಳುವುದಿಲ್ಲ. ಆದರೆ ಮುದಿ ನಾಯಿಗೆ ಖರ್ಚಿಲ್ಲ, ಸುಮ್ಮನೆ ಮಲಗಿರುತ್ತದೆ ಅನ್ನುವವರ ಮಾತು ನಂಬಬೇಡಿ. ಎಷ್ಟೋ ಶೆಲ್ಟರುಗಳು ಹಿರಿಯ ನಾಯಿಗಳ ದತ್ತು ಶುಲ್ಕವನ್ನು ಇಳಿಸುತ್ತವೆ, ಆ ಶುಲ್ಕ ಮುಂದಿನ ಖರ್ಚಿನ ಮುಂದೆ ಏನೂ ಅಲ್ಲ. ವಿಮೆ ಇರುವ ಕಡೆಯೂ ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ತರುವ ಮುಂಚೆ ಪೂರ್ತಿ ತಪಾಸಣೆ ಮಾಡಿಸಿ. ನೀರು ಸಿಕ್ಕಾಪಟ್ಟೆ ಕುಡಿಯುತ್ತದೆಯೇ ಕೇಳಿ, ಅದು ಕಿಡ್ನಿಯೋ ಸಕ್ಕರೆ ಕಾಯಿಲೆಯೋ ಇನ್ನೊಂದೋ ಇರಬಹುದು. ತಿಂಗಳಿಗೆ ಹದಿನೈದು ದಿನ ಊರಲ್ಲಿಲ್ಲದವರು, ಲಿಫ್ಟಿಲ್ಲದ ನಾಲ್ಕನೆಯ ಮಹಡಿಯವರು ಒಂದು ಕ್ಷಣ ನಿಂತು ಯೋಚಿಸಿ. ಬೇಡ ಅನ್ನುವುದೂ ಮರ್ಯಾದೆಯ ಉತ್ತರವೇ.

ಇನ್ನೊಂದು ಕಿರಿಕಿರಿ ಹೇಳಿಬಿಡುತ್ತೇನೆ. "ಪುಣ್ಯ ಕಟ್ಟಿಕೊಂಡಿರಿ" ಅನ್ನುತ್ತಾರೆ ಜನ. ಅದರ ಬೆನ್ನಿಗೇ "ಇನ್ನೆಷ್ಟು ದಿನ ಇರುತ್ತೆ?" ಎರಡೂ ಒಂದೇ ಮಾತು ಅಂತ ನನಗೀಗ ಅನ್ನಿಸುತ್ತದೆ. ಸಾಯಲು ಬಂದವನಿಗೆ ಜಾಗ ಕೊಟ್ಟಿದ್ದೀರಿ ಅನ್ನುವ ಮಾತು. ಅಜ್ಜ ಸಾಯಲು ಬಂದವನ ಹಾಗೆ ಒಂದು ದಿನವೂ ಇರಲಿಲ್ಲ. ನಮ್ಮ ಮಾತಲ್ಲೇ ಅವನಿಗೆ ಜಾಗವಿಲ್ಲ, ಏನು ಮಾಡೋಣ? ಕಷ್ಟಪಟ್ಟರೆ ನಾಯಿಪಾಡು, ಬೈಯಬೇಕಾದರೆ ಮುದಿನಾಯಿ. ಕಲಿಯದವನಿಗೆ "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅಂತ ಒಂದು ಗಾದೆ ಬೇರೆ. ಈ ಗಾದೆಯನ್ನು ಪರೀಕ್ಷೆಗೊಡ್ಡಿದವರೂ ಇದ್ದಾರೆ. ವಿಯೆನ್ನಾದಲ್ಲಿ ಐದು ತಿಂಗಳ ಮರಿಯಿಂದ 13 ವರ್ಷದವರೆಗಿನ 95 ಬಾರ್ಡರ್ ಕಾಲಿ ನಾಯಿಗಳಿಗೆ ಟಚ್‌ಸ್ಕ್ರೀನಿನಲ್ಲಿ ಚಿತ್ರ ಗುರುತಿಸಲು ಕಲಿಸಿದರು. ಫಲಿತಾಂಶ 2016ರಲ್ಲಿ ಬಂತು. ಮುದುಕರಿಗೆ ಕಲಿಯಲು ಹೆಚ್ಚು ಸಲ ಪ್ರಯತ್ನ ಬೇಕಾಯಿತು, ನಿಜ. ಆದರೆ ಇದಲ್ಲದಿದ್ದರೆ ಅದೇ ಇರಬೇಕು ಅಂತ ತರ್ಕ ಹಾಕುವ ಪರೀಕ್ಷೆಯಲ್ಲಿ ಅವರೇ ಮುಂದಿದ್ದರು. ಆರು ತಿಂಗಳ ನಂತರದ ನೆನಪಿನಲ್ಲಿ ವಯಸ್ಸಿನಿಂದ ವ್ಯತ್ಯಾಸ ಕಾಣಲಿಲ್ಲ.

ಅಜ್ಜನಿಗೆ ಕಳೆದ ವರ್ಷದಿಂದ ಕಿವಿ ಮಂದವಾಗುತ್ತಾ ಬಂತು. ಕೈಸನ್ನೆ ಕಲಿಸಿದೆವು. ಅಂಗೈ ಕೆಳಗೆ ಮಾಡಿದರೆ ಕೂರು, ಎದೆಗೆ ಕೈ ತಂದರೆ ಬಾ. ನಾಲ್ಕು ದಿನ ಸಾಕಾಯಿತು. ಕಲಿಯುವುದನ್ನು ಕಲಿತಿದ್ದವನು ಅವನು, ಯಾರೋ ಕಲಿಸಿ ಕಳಿಸಿದ್ದರು.

ಆ ಯಾರೋ ಬಗ್ಗೆಯೇ ನಾನು ಇಷ್ಟು ಹೊತ್ತು ಬರೆಯಬೇಕೆಂದಿದ್ದು. ಈ ಎರಡೂವರೆ ವರ್ಷದಲ್ಲಿ ಸಿಕ್ಕ ಸುಳಿವುಗಳು: ಕಿವಿ ಕೇಳುತ್ತಿದ್ದಾಗ ಕೋಲಿನ ಸದ್ದಿಗೆ ಏಳುತ್ತಿದ್ದ. ಹೊಸ್ತಿಲಲ್ಲಿ ಅಪ್ಪಣೆಗೆ ಕಾಯುತ್ತಾನೆ. ಮಾತ್ರೆಯ ಡಬ್ಬಿ ತೆರೆದರೆ ಹತ್ತಿರ ಬಂದು ಕೂರುತ್ತಾನೆ, ಮಾತ್ರೆಗಲ್ಲ, ಸುಮ್ಮನೆ ಹಾಜರಿ. ರಾತ್ರಿ ಯಾರಾದರೂ ಕೆಮ್ಮಿದರೆ ಎದ್ದು ಹೋಗಿ ಮಂಚದ ಪಕ್ಕ ನಿಲ್ಲುತ್ತಿದ್ದ, ಕೆಮ್ಮು ನಿಂತ ಮೇಲೆ ವಾಪಸ್ ಬರುತ್ತಿದ್ದ. ಮಂಚ ಹತ್ತುವುದಿಲ್ಲ. ನನ್ನ ಕಟುಕ ಈ ಯಾವ ಸುಳಿವಿನಲ್ಲೂ ಕೂರುವುದಿಲ್ಲ. ಕೂರುವವರು ಯಾರೋ ವಯಸ್ಸಾದವರು, ಒಂಟಿಯಾಗಿ, ಕಾಯಿಲೆಯಲ್ಲಿ ಇದ್ದವರು. ಒಂದು ಬೆಳಗ್ಗೆ ಕೆಮ್ಮು ನಿಂತಿರಬೇಕು. "ಸಾಕಿದವರು ಇಲ್ಲ."

ಶೆಲ್ಟರಿಗೆ ಬರುವ ಹಿರಿಯ ನಾಯಿಗಳಲ್ಲಿ ಇಂಥವು ಎಷ್ಟೋ. ಸಾಕಿದವರು ತೀರಿಕೊಂಡಿರುತ್ತಾರೆ, ಆಸ್ಪತ್ರೆ ಸೇರಿರುತ್ತಾರೆ, ನಾಯಿಗೆ ಪ್ರವೇಶವಿಲ್ಲದ ವೃದ್ಧಾಶ್ರಮಕ್ಕೆ ಹೋಗಿರುತ್ತಾರೆ. ಮನೆ ಹೋಗಿರುತ್ತದೆ, ಚಿಕಿತ್ಸೆಗೆ ದುಡ್ಡಿರುವುದಿಲ್ಲ. ಬೇಸತ್ತು ಬಿಟ್ಟವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾವು ನಾಯಿ ತಂದ ಹೆಮ್ಮೆಗೆ ಒಬ್ಬ ಖಳನಾಯಕ ಬೇಕಾಗುತ್ತಾನೆ. ನನಗೂ ಬೇಕಾಗಿದ್ದ. ಅವನು ಕರಗಿದ ಮೇಲೆ ನಾನು ರಕ್ಷಿಸಿದವಳು ಅನ್ನುವ ಭಾವವೂ ಕರಗಿತು. ಉಳಿದದ್ದು ಒಂಥರಾ ಮುಜುಗರ, ಬೇರೆಯವರು ಹತ್ತು ವರ್ಷ ದುಡಿದದ್ದರ ಬಡ್ಡಿ ತಿನ್ನುತ್ತಿದ್ದೇನಲ್ಲ ಅಂತ.

ಬಿಡಾಡಿ ನಾಯಿಗಳಿಗೆ ಮನೆ ಅನ್ನುವ ಕಲ್ಪನೆ ಹೊಸದೇನಲ್ಲ. ಲಂಡನ್ನಿನಲ್ಲಿ 1860ರಲ್ಲಿ ಮೇರಿ ಟೀಲ್ಬಿ ಅನ್ನುವ ಮಹಿಳೆ ಶುರುಮಾಡಿದ ಜಾಗಕ್ಕೆ ಇಟ್ಟ ಹೆಸರು "ಕಳೆದುಹೋದ, ಹಸಿದ ನಾಯಿಗಳ ತಾತ್ಕಾಲಿಕ ಮನೆ". ಅದೇ 1871ರಲ್ಲಿ ಬ್ಯಾಟರ್‌ಸೀಗೆ ಹೋಗಿ ಇಂದಿಗೂ ನಡೆಯುತ್ತಿದೆ. ಹಿರಿಯ ನಾಯಿಗಳಿಗೇ ಅಂತ ಮೀಸಲಾದ ಜಾಗಗಳು ನಮ್ಮ ಕಾಲದವು. ಸ್ಯಾನ್ ಫ್ರಾನ್ಸಿಸ್ಕೋದ ಮಟ್‌ವಿಲ್ 2007ರಲ್ಲಿ, ಟೆನೆಸ್ಸಿಯ ಓಲ್ಡ್ ಫ್ರೆಂಡ್ಸ್ 2012ರಲ್ಲಿ ಶುರುವಾದವು. ನನಗೆ ಆ ಹಳೆಯ ಹೆಸರಿನ "ತಾತ್ಕಾಲಿಕ" ಅನ್ನುವ ಪದ ಇಷ್ಟ. ಎರಡು ರಾತ್ರಿಯೂ ತಾತ್ಕಾಲಿಕವೇ, ಎರಡೂವರೆ ವರ್ಷವೂ ತಾತ್ಕಾಲಿಕವೇ.

ಈಚೆಗೆ ರಾತ್ರಿಗಳು ಬದಲಾಗಿವೆ. ಬಾಗಿಲು ತೆರೆಯುವ ಕಡೆ ಬಿಟ್ಟು ತಿರುಗಣಿಯ ಕಡೆ ಹೋಗಿ ನಿಲ್ಲುತ್ತಾನೆ. ಮೂಲೆಗೆ ಹೋದವನು ಹಿಂದೆ ಬರುವುದು ಹೇಗೆಂದು ತೋಚದೆ ಅಲ್ಲೇ ನಿಂತಿರುತ್ತಾನೆ. ಡಾಕ್ಟರು ಇದನ್ನು ಅರಳುಮರಳಿನ ಶುರು ಅಂದರು. ನಾಯಿಗೂ ಅದು ಬರುತ್ತದೆ, ಅಪರೂಪವೂ ಅಲ್ಲ. 2001ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನೋಡಿದ ನಾಯಿಗಳಲ್ಲಿ, 11–12ರ ವಯಸ್ಸಿನವುಗಳ ಪೈಕಿ ನೂರಕ್ಕೆ 28ರಲ್ಲಿ, 15–16ರವುಗಳಲ್ಲಿ ನೂರಕ್ಕೆ 68ರಲ್ಲಿ ಇಂಥದೊಂದಾದರೂ ಲಕ್ಷಣ ಕಂಡಿತ್ತು. ಹಾಲಿನಲ್ಲಿ ಸಣ್ಣ ದೀಪ ಹಾಕಿಟ್ಟಿದ್ದೇವೆ, ಸಾಮಾನು ಕದಲಿಸುವುದಿಲ್ಲ. ಮೂರು ಗಂಟೆಗೆ ಅವನಿಗೆ ಎಚ್ಚರವಾಗುತ್ತದೆ. ಮೂರು ಗಂಟೆಗೆ ಅಮ್ಮನಿಗೂ ಎಚ್ಚರವಾಗುತ್ತದೆ, ಅದು ಎಷ್ಟೋ ವರ್ಷದ ರೋಗ. ಮೊದಲೆಲ್ಲ ಕತ್ತಲಲ್ಲಿ ಛಾವಣಿ ನೋಡುತ್ತಾ ಮಲಗಿರುತ್ತಿದ್ದಳು. ಈಗ ಎದ್ದು ಬಂದು ಅವನನ್ನು ಮೂಲೆಯಿಂದ ಬಿಡಿಸಿ ತಿರುಗಿಸುತ್ತಾಳೆ. ಒಂದು ರಾತ್ರಿ ನಾನು ನೀರಿಗೆ ಎದ್ದಾಗ ಕೇಳಿಸಿತು. "ನಂಗೂ ಹಿಂಗೇ ಆಗುತ್ತೆ ಮಾರಾಯ, ಯಾವುದಕ್ಕೆ ಬಂದೆ ಅನ್ನೋದೇ ಮರೆತುಹೋಗುತ್ತೆ" ಅನ್ನುತ್ತಿದ್ದಳು. ನನಗೆ ಯಾವತ್ತೂ ಹೇಳಿರಲಿಲ್ಲ ಅದನ್ನು. ಮರುದಿನವೇ ಅವಳನ್ನೂ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಗಾಬರಿಪಡುವಂಥದ್ದೇನಿಲ್ಲ ಅಂದರು.

ದಯಾಮರಣ ಬೇಕೇ ಅನ್ನುವ, ಕೊನೆಯ ದಿನದ ನಿರ್ಧಾರಕ್ಕೂ ಒಂದು ಅಳತೆಪಟ್ಟಿ ಇದೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಲೊಬೋಸ್ 2004ರಲ್ಲಿ ಮಾಡಿದ್ದು. ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚೇ ಅನ್ನುವುದು. ಏಳಕ್ಕೂ ಹತ್ತರಲ್ಲಿ ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಹೆಚ್ಚು. ಒಟ್ಟು 35 ದಾಟಿದರೆ ಬದುಕು ಸಹನೀಯ. ಪ್ರತಿ ತಿಂಗಳ ಒಂದನೇ ತಾರೀಕು ತುಂಬುತ್ತೇನೆ. ಪ್ರೀತಿ ಇದ್ದಾಗ ಕಣ್ಣು ಸುಳ್ಳು ಹೇಳುತ್ತದೆ, ಹಳೆಯ ಹಾಳೆಗಳು ಹೇಳುವುದಿಲ್ಲ. ಈ ತಿಂಗಳು 49 ಬಂತು. ಅಮ್ಮ ಕನ್ನಡಕ ಏರಿಸಿ ಹಾಳೆ ನೋಡಿ, "ನಂಗೂ ಒಂದು ಹಾಕು" ಅಂದಳು. ತಮಾಷೆ ಅಂದುಕೊಂಡೆ. ಅಲ್ಲ, ಕಾದು ಕೂತಳು. ಸರಿ ಅಂತ ಒಂದೊಂದೇ ಕೇಳುತ್ತಾ ಹೋದೆ. ನೋವಿಗೆ ನಾಲ್ಕು ಕೊಟ್ಟುಕೊಂಡಳು, ಓಡಾಟಕ್ಕೆ ಐದು. ಕೊನೆಯದಕ್ಕೆ ಬಂದಾಗ ಕಾಲ ಬಳಿ ಮಲಗಿದ್ದವನ ಬೆನ್ನ ಮೇಲೆ ಪಾದ ಆಡಿಸುತ್ತಾ ತುಂಬಾ ಯೋಚಿಸಿ, "ಎಂಟು ಹಾಕು" ಅಂದಳು. ಕೂಡಿ ನೋಡು ಅಂತ ಅವಳು ಕೇಳಲಿಲ್ಲ, ನಾನು ಕೂಡಲಿಲ್ಲ.

ಆ ಹಾಳೆಗಳ ಜೊತೆಗೇ ಈಗ ಒಂದು ನೋಟ್‌ಪುಸ್ತಕ ಇಟ್ಟಿದ್ದೇವೆ. ಉಪಾಯ ಅಮ್ಮನದು. ನಾವಿಬ್ಬರೂ ಇಲ್ಲದೆ ಅವನೊಬ್ಬನೇ ಉಳಿದರೆ ಮುಂದಿನವರಿಗೆ ಎರಡು ಪದದ ಕಾಗದ ಸಿಗಬಾರದು ಅಂತ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಕರೆದರೆ ಕೇಳಿಸುವುದಿಲ್ಲ, ಎದೆಗೆ ಕೈ ತನ್ನಿ. ಏಳು ಹಲ್ಲಿಲ್ಲ, ಊಟ ಮೆತ್ತಗಿರಲಿ. ಹೊಸ್ತಿಲಲ್ಲಿ ಕೂತರೆ ಎಳೆಯಬೇಡಿ. ಮನುಷ್ಯರ ಮಾತ್ರೆ ಕೊಡಬೇಡಿ. ಇದನ್ನು ದಪ್ಪಕ್ಷರದಲ್ಲಿ ಬರಿ ಅಂದಳು, ನನ್ನ ಮುಖ ನೋಡದೆ.

"ಕೋಲಿನದು ಬರೆದೆಯಾ?"

"ಈಗ ಅದೂ ಕೇಳಿಸಲ್ಲ ಅವನಿಗೆ ಅಮ್ಮಾ."

"ಬರಿ ನೀನು." ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು, ಅವನು ಮಲಗಿದ್ದ ಹಾಸಿನ ಪಕ್ಕದ ಬರಿ ನೆಲಕ್ಕೆ, ಎಂದಿಗಿಂತ ಜೋರಾಗಿ ಎರಡು ಸಲ ಕುಟ್ಟಿದಳು. ಗದ್ದ ನೆಲಕ್ಕೆ ಊರಿದ್ದವನು ಕಣ್ಣು ತೆರೆದ. ಮುಂಗಾಲು ಎತ್ತಿದ, ನಿಂತು ಉಸಿರು ಬಿಟ್ಟ, ಹಿಂಗಾಲು ಎಳೆದುಕೊಂಡ. ಅಮ್ಮ ಅವಸರ ಮಾಡಲಿಲ್ಲ. ಅವನು ಸುತ್ತಿ ಬಂದು ತನ್ನ ಎಡಗಡೆ ನಿಲ್ಲುವವರೆಗೆ ಕಾದಳು, ಆಮೇಲೆ ಇಬ್ಬರೂ ಗೇಟಿನ ಕಡೆ ಹೊರಟರು.